ಶಾವಿಗೆ ಒರಳಿನ ರಿಪೇರಿ: ಬಿಚ್ಚಿದ್ದು, ಮುರಿದದ್ದು, ಹಿಟ್ಟು ತೊಳಸಿದ್ದು

ಒರಳು ಈಗ ಸಲೀಸಾಗಿ ತಿರುಗುತ್ತಿದೆ. ಒಂದು ಕಿಲೋ ಅಕ್ಕಿಯ ಶಾವಿಗೆ ಒತ್ತಿ ಮುಗಿಸಲು ಅರ್ಧ ಗಂಟೆ ಸಾಕು. ಮಳೆಗಾಲದ ಕೊನೆಯಲ್ಲಿ ಕೈಹಾಕಿದ ಕೆಲಸ ಇದು, ಸಂಕ್ರಾಂತಿ ಹೊತ್ತಿಗೆ ಒಂದು ಹದಕ್ಕೆ ಬಂತು. ಒಟ್ಟು ಖರ್ಚು ₹2,150. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕಾಗಿಯೇ ಇರಲಿಲ್ಲ. ಯಾವುದು ಬೇಕಿತ್ತು, ಯಾವುದು ದಂಡವಾಯಿತು ಅನ್ನುವುದನ್ನು ಅಳತೆ ಸಮೇತ ಬರೆದಿಡುತ್ತಿದ್ದೇನೆ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥದ್ದೊಂದು ಒರಳು ಕಿಲುಬು ಹಿಡಿದು ಕೂತಿದೆ. ಗುಜರಿಗೆ ಹಾಕುವ ಮೊದಲು ಇದನ್ನೊಮ್ಮೆ ಓದಿ.

ಹಂತ 1: ಏನಿತ್ತು, ಏನು ಕೆಟ್ಟಿತ್ತು

ಆಲೂರು ತಾಲ್ಲೂಕಿನ ನಮ್ಮೂರ ಮನೆಯಿಂದ ಹಾಸನದ ಮನೆಗೆ ತಂದ ಒರಳು. ಕಬ್ಬಿಣದ ಮೂರು ಕಾಲು, ಎತ್ತರ ಒಂದೂವರೆ ಅಡಿ. ನಡುವೆ ಹಿತ್ತಾಳೆಯ ಕೊಳವೆ: ಉದ್ದ 125 ಮಿಲಿಮೀಟರ್, ಒಳಗಿನ ಅಗಲ 72. ಕೊಳವೆಯ ತಳದಲ್ಲಿ ತೂತಿನ ಬಿಲ್ಲೆ ಕೂರುತ್ತದೆ, ತೂತುಗಳ ಅಗಲ ಒಂದೂವರೆ ಮಿಲಿಮೀಟರ್. ಮೇಲಿನಿಂದ ತಿರುಪು ಇಳಿಯುತ್ತದೆ. ಅದರ ತುದಿಗೆ ಹಿಟ್ಟನ್ನು ತಳ್ಳುವ ದುಂಡನೆಯ ಗಟ್ಟಿ ಬಿಲ್ಲೆ. ಇದನ್ನು ಒತ್ತುಬಿಲ್ಲೆ ಅಂತ ಕರೆಯುತ್ತೇನೆ, ಇಲ್ಲದಿದ್ದರೆ ಎರಡು ಬಿಲ್ಲೆಗಳಲ್ಲಿ ಯಾವುದು ಯಾವುದೆಂದು ಗೊಂದಲವಾಗುತ್ತದೆ. ತಿರುಪಿನ ತಲೆಗೆ ಅಡ್ಡ ಹಿಡಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸುವಂಥದ್ದು.

ಕಂಡ ದೋಷಗಳು ಇವು. ತಿರುಪು ಅರ್ಧ ಇಳಿದು ಕಚ್ಚಿಕೊಳ್ಳುತ್ತಿತ್ತು. ಹಿಡಿ ಅಲ್ಲಾಡಿಸಿದರೆ ಬೆರಳಗಲ ಆಚೀಚೆ ವಾಲುತ್ತಿತ್ತು. ಹಿಟ್ಟು ಕೆಳಗೆ ಇಳಿಯುವ ಬದಲು ಒತ್ತುಬಿಲ್ಲೆಯ ಅಂಚಿನಿಂದ ಮೇಲಕ್ಕೆ ಉಕ್ಕುತ್ತಿತ್ತು. ತೂತುಗಳಲ್ಲಿ ಮೂರರಲ್ಲೊಂದು ಪಾಲು ಮುಚ್ಚಿಹೋಗಿದ್ದವು.

ಇಷ್ಟೂ ಕಬ್ಬಿಣದ, ಹಿತ್ತಾಳೆಯ ದೋಷಗಳು. ನನ್ನ ಪಟ್ಟಿಯಲ್ಲಿ ಹಿಟ್ಟಿನ ಹೆಸರೇ ಇರಲಿಲ್ಲ. ಮುಂದೆ ಆದ ನಷ್ಟಕ್ಕೆಲ್ಲ ಅದೇ ಮೂಲ.

ಹಂತ 2: ಬಿಚ್ಚಿ ತೊಳೆದದ್ದು

ಬೇಕಾದದ್ದು: ಸ್ಪ್ಯಾನರ್, ಸುತ್ತಿಗೆ, ತಂತಿ ಬ್ರಷ್ಷು, 220 ನಂಬರಿನ ಉಪ್ಪುಕಾಗದ, ಡೀಸೆಲ್, ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ಗರಿಯ ಕಡ್ಡಿ.

ತಿರುಪನ್ನು ಮಾತ್ರ ರಾತ್ರಿಯಿಡೀ ಡೀಸೆಲ್‌ನಲ್ಲಿ ಮುಳುಗಿಸಿಟ್ಟೆ. ಹಿಟ್ಟು ತಾಗುವ ಭಾಗಗಳಿಗೆ ಡೀಸೆಲ್ ಸೋಕಿಸಬೇಡಿ. ಬೆಳಿಗ್ಗೆ ತುಕ್ಕು ತಂತಿ ಬ್ರಷ್ಷಿಗೆ ಬಿಟ್ಟುಕೊಂಡಿತು. ಆಮೇಲೆ ಬಿಸಿನೀರು, ಸೋಪುಪುಡಿ, ಮತ್ತೆ ಬಿಸಿನೀರು, ವಾಸನೆ ಪೂರ್ತಿ ಹೋಗುವವರೆಗೆ.

ಹಿತ್ತಾಳೆ ಕೊಳವೆಯ ಒಳಗಿನ ಹಸಿರು ಕಿಲುಬಿಗೆ ಹುಣಸೆಹಣ್ಣು, ಕಲ್ಲುಪ್ಪು ಸಾಕು. ನೆನೆಸಿದ ಹುಣಸೆಹಣ್ಣನ್ನು ಹಿಂಡದೆ ಹಾಗೇ ಬಟ್ಟೆಗೆ ತೆಗೆದುಕೊಂಡು ಉಜ್ಜಿದೆ. ಉಪ್ಪುಕಾಗದವನ್ನು ಕೊಳವೆಗೆ ಹಾಕಲಿಲ್ಲ, ಗೀರು ಬಿದ್ದರೆ ಹಿಟ್ಟು ಅದರಲ್ಲೇ ಕೂರುತ್ತದೆ. ತೊಳೆದ ತಕ್ಷಣ ಒರೆಸಿ ಬಿಸಿಲಿಗಿಟ್ಟೆ.

ತೂತಿನ ಬಿಲ್ಲೆಯನ್ನು ಕುದಿಯುವ ನೀರಿನಲ್ಲಿ ಹಾಕಿ, ಆರುವವರೆಗೆ ಬಿಟ್ಟು, ಗರಿಕಡ್ಡಿಯಿಂದ ಒಂದೊಂದೇ ತೂತನ್ನು ಬಿಡಿಸಿದೆ. ದಬ್ಬಳ ಹಾಕಿದರೆ ತೂತಿನ ಬಾಯಿ ಹರಿಯುತ್ತದೆ. ಕಡ್ಡಿ ಮುರಿದರೆ ಇನ್ನೊಂದು ಕಡ್ಡಿ. ಬಿಲ್ಲೆಯನ್ನು ಕಿಟಕಿಗೆ ಹಿಡಿದು ನೋಡಿ ಎಲ್ಲಾ ತೂತಿನಲ್ಲೂ ಬೆಳಕು ಕಂಡ ಮೇಲೆ ನಿಲ್ಲಿಸಿದೆ. ಇಡೀ ರಿಪೇರಿಯಲ್ಲಿ ಖರ್ಚಿಲ್ಲದ, ತಪ್ಪಿಲ್ಲದ ಕೆಲಸ ಅಂದರೆ ಇದೊಂದೇ.

ಹಂತ 3: ಲೇಥ್ ಅಂಗಡಿ

ತಿರುಪು ಸವೆದಿರಲಿಲ್ಲ. ಅದು ಕೂರುವ ಬುಷ್ಷಿನ, ಅಂದರೆ ತಿರುಪು ಹಾದು ಇಳಿಯುವ ಲೋಹದ ಬಳೆಯ, ಥ್ರೆಡ್ಡು ಸವೆದು ಅಲಗಿನಂತಾಗಿತ್ತು. ಹಿಡಿ ವಾಲುತ್ತಿದ್ದದ್ದೂ, ಅರ್ಧಕ್ಕೆ ಕಚ್ಚಿಕೊಳ್ಳುತ್ತಿದ್ದದ್ದೂ ಅದರಿಂದಲೇ. ಹಾಸನದ ಲೇಥ್ ಅಂಗಡಿಯೊಂದರಲ್ಲಿ ಗನ್‌ಮೆಟಲ್ಲಿನ (ತಾಮ್ರಕ್ಕೆ ತವರ ಬೆರೆಸಿದ ಲೋಹ) ಹೊಸ ಬುಷ್ ಕಡೆಸಿದೆ. ₹850. ಈ ಖರ್ಚು ನ್ಯಾಯವಾದದ್ದು.

ಅಲ್ಲಿಯೇ ಒತ್ತುಬಿಲ್ಲೆಯನ್ನೂ ಅಳೆಸಿದೆ. ಹಳೆಯದರ ಅಗಲ 69 ಮಿಲಿಮೀಟರ್. ಕೊಳವೆ 72. ಸುತ್ತ ಒಂದೂವರೆ ಮಿಲಿಮೀಟರ್ ಸಂದು, ಅಂದರೆ ಒಂದು ತೂತಿನಷ್ಟೇ ಅಗಲ. ಹಿಟ್ಟು ಅಲ್ಲಿಂದ ಮೇಲೆ ಬರುವುದರಲ್ಲಿ ಆಶ್ಚರ್ಯವಿಲ್ಲ ಅಂದುಕೊಂಡು 71.4ಕ್ಕೆ ಹೊಸದು ಮಾಡಿಸಿದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಲೇಥ್‌ಗೆಂದು ಬರುವ ಹಿತ್ತಾಳೆ ಸರಳಿಗೆ, ಕಡೆಯಲು ಸುಲಭವಾಗಲಿ ಅಂತ ಸಾಮಾನ್ಯವಾಗಿ ಸ್ವಲ್ಪ ಸೀಸ ಸೇರಿಸಿರುತ್ತಾರೆ. ಬಿಸಿ ಹಿಟ್ಟನ್ನು ಒತ್ತುವ ಬಿಲ್ಲೆಗೆ ಅದು ಬೇಡ. ನಾನು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿದೆ. ಸ್ಟೀಲು ಹಿತ್ತಾಳೆಗಿಂತ ಗಟ್ಟಿ, ಅಂಚು ಚೂಪಾಗಿದ್ದರೆ ಕೊಳವೆಯನ್ನೇ ಕೆರೆಯುತ್ತದೆ. ಅದಕ್ಕೆ ಅಂಚನ್ನು ಉರುಟು ಮಾಡಿಸಿದೆ. ₹700. ಬುಷ್ ಹಿಟ್ಟಿಗೆ ತಾಗುವುದಿಲ್ಲವಾದ್ದರಿಂದ ಗನ್‌ಮೆಟಲ್ ನಡೆಯುತ್ತದೆ. ಆದರೆ ತಿರುಪಿಗೆ ಹಾಕಿದ ಎಣ್ಣೆ ಕೊಳವೆಯ ಕಡೆ ಇಳಿಯಬಹುದು, ಹಾಗಾಗಿ ಗ್ರೀಸ್ ಬೇಡ, ಕೊಬ್ಬರಿ ಎಣ್ಣೆ ಮಾತ್ರ.

ಅಂಗಡಿಯವರು ಕೇಳಿದ ಒಂದು ಪ್ರಶ್ನೆಯನ್ನು ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. "ಒಳಗೆ ಹೋಗೋ ಹಿಟ್ಟು ಎಷ್ಟು ಬಿಸಿ ಇರ್ತದೆ ಸಾರ್?" ಬಿಸಿ ಇರುತ್ತೆ ಅಂತಷ್ಟೇ ಹೇಳಿ ಬಂದೆ.

ಹಂತ 4: ಮೊದಲ ಒತ್ತು, ಬಿಟ್ಟ ಬೆಸುಗೆ

ಡಿಸೆಂಬರ್ ಬೆಳಿಗ್ಗೆ. ಅಂಗಡಿಯ ಅಕ್ಕಿಹಿಟ್ಟು ತಂದು, ಕುದಿಯುವ ಉಪ್ಪುನೀರಿಗೆ ಸುರಿದು, ಕಲಸಿ, ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಿದೆ. ಉಂಡೆಗಳನ್ನೆಲ್ಲ ಅಗಲ ತಟ್ಟೆಗೆ ತೆಗೆದು ಒರಳಿನ ಪಕ್ಕ ಸಾಲಾಗಿ ಜೋಡಿಸಿಟ್ಟುಕೊಂಡೆ. ನೋಡಲು ಬಲು ಅಚ್ಚುಕಟ್ಟಾಗಿತ್ತು.

ಮೊದಲ ಉಂಡೆ ಇಳಿಯಿತು. ಎಳೆ ಗೇಣುದ್ದಕ್ಕೆ ತುಂಡಾಗುತ್ತಿತ್ತು, ಆದರೂ ಇಳಿಯಿತು. ಎರಡನೆಯದಕ್ಕೆ ಮೈಭಾರ ಹಾಕಬೇಕಾಯಿತು. ಮೂರನೆಯದಕ್ಕೆ ನನ್ನ ಹೆಂಡತಿ ಕಾಲುಗಳನ್ನು ಒತ್ತಿ ಹಿಡಿದು, ನಾನು ಹಿಡಿಗೆ ಎರಡಡಿ ಉದ್ದದ ಕಬ್ಬಿಣದ ಪೈಪು ಸಿಕ್ಕಿಸಿ ತಿರುಗಿಸಿದೆ. ಒಂದು ಕಾಲು ಚೌಕಟ್ಟಿಗೆ ಸೇರುವ ಜಾಗದಲ್ಲಿ ಬೆಸುಗೆ ಬಿಟ್ಟಿತು. ಒರಳು ಪಕ್ಕಕ್ಕೆ ವಾಲಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಿದ್ದರಿಂದ ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು. ಹಿಡಿಗೆ ಪೈಪು ಸಿಕ್ಕಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ಈಗಲೇ ಬಿಟ್ಟುಬಿಡಿ. ಮನುಷ್ಯನ ಕೈಗೆ ಬಗ್ಗದ್ದು ಆ ಒರಳಿಗೆ ಬಗ್ಗಬೇಕಾದ್ದಲ್ಲ.

ಬೆಸುಗೆಗೆ ₹200.

ಆವತ್ತು ಬರೆದಿಟ್ಟುಕೊಂಡ ಟಿಪ್ಪಣಿ ಈಗಲೂ ಇದೆ: "ಒತ್ತಡ ಜಾಸ್ತಿ. ತೂತು ಸಣ್ಣದು." ಒಂದೇ ಪಾತ್ರೆಯ ಹಿಟ್ಟು, ಒಂದೇ ಒರಳು, ಒಂದೇ ತೂತು. ಮೊದಲ ಉಂಡೆ ಇಳಿದು ಮೂರನೆಯದು ಇಳಿಯಲಿಲ್ಲ ಅಂದರೆ ನಡುವೆ ಬದಲಾದದ್ದು ಏನು ಅಂತ ಕೇಳಿಕೊಳ್ಳಬೇಕಿತ್ತು. ಉತ್ತರ ತಟ್ಟೆಯಲ್ಲಿ ಆರುತ್ತಾ ಕೂತಿತ್ತು. ನಾನು ಒರಳಿನ ಕಡೆಗೇ ನೋಡುತ್ತಿದ್ದೆ.

ಹಂತ 5: ತೂತು ದೊಡ್ಡದು ಮಾಡಿದ್ದು

ಡ್ರಿಲ್ಲಿಗೆ 2 ಮಿಲಿಮೀಟರ್ ಬಿಟ್ ಹಾಕಿ ಹಳೆಯ ಬಿಲ್ಲೆಯ ತೂತುಗಳನ್ನು ಅಗಲ ಮಾಡಿದೆ. ಕೈಯಲ್ಲಿ ಹಿಡಿಯುವ ಡ್ರಿಲ್ಲು ನೆಟ್ಟಗೆ ಇಳಿಯಲಿಲ್ಲ, ಕೆಲವು ತೂತು ಓರೆಯಾದವು, ಬಾಯಿಯಲ್ಲಿ ಮುಳ್ಳು ಎದ್ದಿತು. ಈ ಸಲ ಹಿಟ್ಟು ಇಳಿಯಿತು, ಆದರೆ ಶಾವಿಗೆ ಆಗಲಿಲ್ಲ. ನಡುವಿನ ಎಳೆ ಬೇಗ ಬರುತ್ತಿತ್ತು, ಅಂಚಿನದು ನಿಧಾನವಾಗಿ, ಒಂದಕ್ಕೊಂದು ಸುತ್ತಿಕೊಂಡು ಮುದ್ದೆಯಾಗುತ್ತಿತ್ತು. ಮುರಿದು ನೋಡಿದರೆ ಒಳಗೆ ಬಿಳಿ ಹಿಟ್ಟು ಹಾಗೇ ಇತ್ತು. ಬೆಂದೇ ಇರಲಿಲ್ಲ.

ಅಜ್ಜಿಯ ಕಾಲದ ಬಿಲ್ಲೆ ಅದು. ಮತ್ತೆ ಮೊದಲಿನಂತೆ ಮಾಡುವ ದಾರಿ ಇಲ್ಲ. ಈ ಇಡೀ ಕೆಲಸದಲ್ಲಿ ನನಗೆ ನಿಜವಾಗಿ ನೋವಾದದ್ದು ಇದೊಂದಕ್ಕೆ. ಕಟ್ಟಿನಕೆರೆ ಮಾರುಕಟ್ಟೆ ಕಡೆಯ ಪಾತ್ರೆ ಅಂಗಡಿಯಲ್ಲಿ ಒಂದೂವರೆ ಮಿಲಿಮೀಟರ್ ತೂತಿನ ಸ್ಟೀಲ್ ಬಿಲ್ಲೆ ಸಿಕ್ಕಿತು. ಸುತ್ತಳತೆ ತುಸು ದೊಡ್ಡದಿತ್ತು, ಅಂಚು ಉಜ್ಜಿಸಿ ಕೂರಿಸಿದೆ. ಉಜ್ಜಿಸಿದ್ದೂ ಸೇರಿ ₹250.

ಹಂತ 6: ಹಿಟ್ಟು

ಬಿಲ್ಲೆಯ ವಿಷಯ ಹೇಳಲು ಊರಿಗೆ ಫೋನ್ ಮಾಡಿದಾಗ ಅವ್ವ ಒರಳಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಉಂಡೆ ಬಿಸಿ ಇತ್ತಾ?"

"ಇತ್ತವ್ವ."

"ಎಲ್ಲಾನೂ ಆಚೆ ತೆಗ್ದಿಟ್ಕಂಡಿದ್ಯಾ, ಒಂದೊಂದೇ ತೆಗೆದ್ಯಾ?"

"ಎಲ್ಲಾನೂ ತೆಗೆದಿಟ್ಟಿದ್ದೆ."

"ಹಂಗ್ ಮಾಡಿದ್ರೆ ಒರಳೇನ್ ಮಾಡ್ತದೆ ಮಗ. ನಾನೇ ಬತ್ತೀನಿ ತಡಿ."

ಮುಂದಿನ ವಾರ ಬಂದಳು. ಬರುವಾಗ ಇಂಟಾನ್ ಅಕ್ಕಿ ತಂದಿದ್ದಳು, ಹಿಂದಿನ ವರ್ಷದ್ದು. ಹೊಸ ಅಕ್ಕಿ ಅಂಟು ಜಾಸ್ತಿ, ಎಳೆ ಒಂದಕ್ಕೊಂದು ಹತ್ತಿಕೊಳ್ಳುತ್ತದೆ ಅಂತ. ಅಂಗಡಿ ಹಿಟ್ಟನ್ನು ಮುಟ್ಟಲೂ ಇಲ್ಲ. ಅವಳು ಮಾಡಿದ ಕ್ರಮವನ್ನು ಅಳತೆ ಹಾಕಿ ಹೀಗೆ ಬರೆದುಕೊಂಡೆ.

ಅಕ್ಕಿ ಒಂದು ಕಿಲೋ, ತೊಳೆದು ಐದು ಗಂಟೆ ನೆನೆಸಿದ್ದು. ಅರ್ಧ ಹೋಳು ಕಾಯಿತುರಿ ಸೇರಿಸಿ ಗ್ರೈಂಡರಿನಲ್ಲಿ ರುಬ್ಬಿದ್ದು. ಬೆರಳ ನಡುವೆ ತರಿ ಸಿಗಬಾರದು, ತರಿ ಇದ್ದ ಕಡೆಯೇ ಎಳೆ ತುಂಡಾಗುವುದು. ಉಪ್ಪು. ರುಬ್ಬಿದ ಮೇಲೆ ನೀರು ಸೇರಿಸಿ ಮಜ್ಜಿಗೆಯ ಹದಕ್ಕೆ ತೆಳ್ಳಗೆ ಮಾಡಿದಳು. ಅಕ್ಕಿ ಅಳೆದ ಪಾವಿನಲ್ಲೇ ನೀರನ್ನೂ ಅಳೆದು ನೋಡಿದೆ: ಒಂದಕ್ಕೆ ಎರಡರ ಹತ್ತಿರ ಬಂತು. ಇಷ್ಟು ನೀರಾದರೆ ಉಂಡೆ ಹೇಗೆ ಕಟ್ಟುವುದು ಅಂತ ನನಗೆ ಗಾಬರಿ. ಅವಳು ದಪ್ಪ ತಳದ ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ ಹಿಟ್ಟು ಸುರಿದು ತೊಳಸಲು ಶುರುಮಾಡಿದಳು.

ನಾನು ಗಡಿಯಾರ ಹಿಡಿದು ಕೂತೆ. "ಎಷ್ಟು ನಿಮಿಷ ತೊಳಸಬೇಕವ್ವ?"

"ಬಾಣಲೆ ಬಿಡೋ ಗಂಟ."

ಅವತ್ತು ಹದಿನಾಲ್ಕು ನಿಮಿಷಕ್ಕೆ ಹಿಟ್ಟು ಬಾಣಲೆಯ ಮೈ ಬಿಟ್ಟು ಒಂದೇ ಗಡ್ಡೆಯಾಯಿತು. ಬರೆದುಕೊಂಡೆ. ಮುಂದಿನ ಸಲ ಬೇರೆ ಅಕ್ಕಿಯಲ್ಲಿ ಹದಿನಾಲ್ಕು ನಿಮಿಷ ತೊಳಸಿದಾಗ ತಳ ಹಿಡಿಯಿತು. ಆಮೇಲೆ ರಾಜಮುಡಿ ಅಕ್ಕಿಯಲ್ಲಿ ಮಾಡಿದಾಗ ಹದಿನಾಲ್ಕಕ್ಕೆ ಇನ್ನೂ ಕೈಗೆ ಅಂಟುತ್ತಿತ್ತು. ಅಕ್ಕಿ, ನೀರು, ಉರಿ, ಬಾಣಲೆ ಯಾವುದು ಬದಲಾದರೂ ನಿಮಿಷ ಬದಲಾಗುತ್ತದೆ. ಬಾಣಲೆ ಬಿಡುವ ಹದ ಮಾತ್ರ ಬದಲಾಗುವುದಿಲ್ಲ. ಅಳತೆ ಕೇಳಿದಾಗಲೆಲ್ಲ ಅವ್ವ ಅಂದಾಜಿನಲ್ಲಿ ಉತ್ತರ ಕೊಡುತ್ತಾಳೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳು ಕೊಡುತ್ತಿದ್ದದ್ದು ಗಡಿಯಾರಕ್ಕಿಂತ ನಿಖರವಾದ ಅಳತೆ. ಅದನ್ನು ಓದಲು ಪಾತ್ರೆಯ ಮುಂದೆ ನಿಂತಿರಬೇಕು, ಅಷ್ಟೇ.

ಹದ ನೋಡುವ ಕ್ರಮ: ಬೆರಳು ನೀರಿಗೆ ಅದ್ದಿ ಹಿಟ್ಟನ್ನು ಒತ್ತಿದರೆ ಅಂಟಬಾರದು. ಅಂಟದಿದ್ದರೂ ತಕ್ಷಣ ಇಳಿಸಲಿಲ್ಲ. ಉರಿ ಸಣ್ಣದು ಮಾಡಿ ಮುಚ್ಚಿ ಐದು ನಿಮಿಷ ಬಿಟ್ಟಳು. ನಾನು ತಪ್ಪಿಸಿದ್ದ ಹೆಜ್ಜೆಗಳಲ್ಲಿ ಇದೂ ಒಂದು.

ಉಂಡೆ ದುಂಡಗಲ್ಲ, ಉದ್ದಕ್ಕೆ. ಕೊಳವೆಗಿಂತ ಎರಡು ಬೆರಳು ಕಮ್ಮಿ ಉದ್ದ, ಸಲೀಸಾಗಿ ಒಳಗೆ ಜಾರುವಷ್ಟು ಸಪೂರ. ಒಂದೊಂದು ಸುಮಾರು 300 ಗ್ರಾಂ ತೂಗಿತು. ಇಡ್ಲಿ ಪಾತ್ರೆಯಲ್ಲಿ ಹಬೆ ಬಂದ ಮೇಲೆ ಇಪ್ಪತ್ತು ನಿಮಿಷ. ಹತ್ತು ನಿಮಿಷಕ್ಕೆ ಮೇಲ್ಮೈ ಬೆಂದಂತೆ ಹೊಳೆಯುತ್ತದೆ, ಆದರೆ ನಡುವೆ ಮುರಿದರೆ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಇರುವವರೆಗೆ ಎಳೆ ಬರುವುದಿಲ್ಲ.

ಮುಖ್ಯವಾದದ್ದು ಇದರ ನಂತರ. ಉಂಡೆ ಹಬೆಯಲ್ಲಿ ಇರುವಾಗಲೇ ಕುದಿಯುವ ನೀರನ್ನು ಚೊಂಬಿನಲ್ಲಿ ತಂದು ಕೊಳವೆಗೆ, ಬಿಲ್ಲೆಗೆ, ಒತ್ತುಬಿಲ್ಲೆಗೆ ಸುರಿದಳು. ಹಿತ್ತಾಳೆ ಕೈಗೆ ಸುಡುವಷ್ಟು ಕಾಯಿತು. "ಒರಳು ತಣ್ಣಗಿದ್ರೆ ಉಂಡೆ ಕಾವ ಅದೇ ಕುಡ್ಕಂಡ್ ಬಿಡ್ತದೆ" ಅಂದಳು. ಆಮೇಲೆ ಕೊಳವೆಗೆ ಎಣ್ಣೆ ಸವರಿ, ಮುಚ್ಚಳ ತೆಗೆದು ಒಂದೇ ಉಂಡೆ ಎತ್ತಿ, ಮುಚ್ಚಳ ಮುಚ್ಚಿ, ಉಂಡೆ ಒಳಗೆ. "ತಿರುಗ್ಸು."

ತಿರುಗಿಸಿದೆ. ಹಿಡಿ ಒಂದು ಕೈಗೆ ಇಳಿಯಿತು. ಎಳೆ ತುಂಡಾಗದೆ ತಟ್ಟೆ ಮುಟ್ಟಿತು. ಅವಳು ತಟ್ಟೆಯನ್ನು ಸುತ್ತಿಸುತ್ತಾ ಹೋದಳು, ಶಾವಿಗೆ ಸಿಂಬೆಯಂತೆ ಸುತ್ತಿಕೊಂಡಿತು. ಎರಡನೆಯ ಉಂಡೆಯೂ ಹಾಗೇ, ಕೊನೆಯದೂ ಹಾಗೇ.

ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡಿದೆ. ಅದೇ ಹಿಟ್ಟಿನ ಒಂದು ಉಂಡೆಯನ್ನು ತಟ್ಟೆಯ ಮೇಲೆ ಹತ್ತು ನಿಮಿಷ ಬಿಟ್ಟು ಆಮೇಲೆ ಹಾಕಿದೆ: ಎರಡು ಕೈ, ಮೈಭಾರ, ಎಳೆ ತುಂಡು. ಇನ್ನೊಂದು ಬಿಸಿ ಉಂಡೆಯನ್ನು ತಣ್ಣೀರಿನಲ್ಲಿ ತೊಳೆದ ಕೊಳವೆಗೆ ಹಾಕಿದೆ: ಶುರುವಿನಲ್ಲಿ ಸರಿ, ಅರ್ಧದ ಮೇಲೆ ಬಿಗಿ. ಕೊನೆಗೆ ಹಳೆಯ 69 ಮಿಲಿಮೀಟರ್ ಒತ್ತುಬಿಲ್ಲೆಯನ್ನೇ ಮತ್ತೆ ಸಿಕ್ಕಿಸಿ, ಒರಳನ್ನು ಕಾಯಿಸಿ, ಬಿಸಿ ಉಂಡೆ ಹಾಕಿದೆ. ಅಂಚಿನಲ್ಲಿ ಸ್ವಲ್ಪ ಹಿಟ್ಟು ಮೇಲೆ ಬಂತು, ಬೆರಳಲ್ಲಿ ತೆಗೆಯುವಷ್ಟು. ಕೆಲಸ ನಿಲ್ಲಲಿಲ್ಲ. ಬಿಸಿ ಹಿಟ್ಟಿಗೆ ತೂತಿನ ದಾರಿಯೇ ಸುಲಭ, ತಣ್ಣಗಾದದ್ದು ತೂತಿಗೆ ಇಳಿಯದೆ ಸಂದು ಹುಡುಕುತ್ತದೆ. ಅಂದರೆ ₹700ರ ಒತ್ತುಬಿಲ್ಲೆ ಇಲ್ಲದೆಯೂ ನಡೆಯುತ್ತಿತ್ತು. ಬೆಸುಗೆಯ ₹200, ಬಿಲ್ಲೆಯ ₹250 ಪೂರ್ತಿ ದಂಡ. ಮೂರೂ ಸೇರಿ ₹1,150.

ಬಿಗಿಯಾದ ಕಡೆ ಬಲ ಹಾಕುವುದು ನನ್ನ ಸ್ವಭಾವ. ಒರಳಿನಲ್ಲಿ ಅದರ ಬೆಲೆ ರೂಪಾಯಿಯಲ್ಲಿ ಗೊತ್ತಾಯಿತು. ಮನೆಯ ಬೇರೆ ಕಡೆ ಅದು ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಮಗಳನ್ನು ಗಣಿತಕ್ಕೆ ಕೂರಿಸುತ್ತಿದ್ದದ್ದು ರಾತ್ರಿ ಊಟಕ್ಕೆ ಮೊದಲು, ನಾನು ಕೆಲಸ ಮುಗಿಸಿ ಬಂದ ಮೇಲೆ, ನನಗೆ ಬಿಡುವಿದ್ದ ಹೊತ್ತಿಗೆ. ಅವಳು ಶಾಲೆ, ಟ್ಯೂಷನ್ ಮುಗಿಸಿ ಆರಿಹೋಗಿರುತ್ತಿದ್ದಳು. ಅವಳಿಗೆ ತಲೆಗೆ ಹತ್ತುತ್ತಿಲ್ಲ ಅನ್ನಿಸಿದಾಗಲೆಲ್ಲ ನನ್ನ ದನಿ ಏರುತ್ತಿತ್ತು, ಲೆಕ್ಕಗಳ ಸಂಖ್ಯೆ ಹೆಚ್ಚುತ್ತಿತ್ತು. ಜನವರಿಯಿಂದ ಬೆಳಿಗ್ಗೆ ಆರೂವರೆಗೆ ಬದಲಾಯಿಸಿದೆವು, ಅದೂ ಅವಳನ್ನು ಕೇಳಿ. ಲೆಕ್ಕಗಳು ಕಮ್ಮಿ, ದನಿಯೂ ಕಮ್ಮಿ, ಕೆಲಸ ಮುಂದೆ ಹೋಗುತ್ತಿದೆ. ಒರಳಿನ ದಾಖಲೆಯಲ್ಲಿ ಇದು ಯಾಕೆ ಅಂತ ಕೇಳಬಹುದು. ಒರಳಿಲ್ಲದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ, ಅದಕ್ಕೆ ಬರೆದೆ.

ಹಂತ 7: ಕೋಲು ಮತ್ತು ಕೆಲಸದ ಹಂಚಿಕೆ

ಅವ್ವ ಊರಿಗೆ ಹೋದ ಮೇಲೆ ಹಿಟ್ಟು ತೊಳಸುವ ಕೆಲಸ ನಾನೇ ತೆಗೆದುಕೊಂಡೆ. ಒಂದು ಕಿಲೋ ಅಕ್ಕಿಯ ಹಿಟ್ಟು ಗಟ್ಟಿಯಾಗುತ್ತಾ ಬಂದಂತೆ ಭುಜ ಸೋಲುತ್ತದೆ. ಹೊಗೆ ಇಲ್ಲದ ಗ್ಯಾಸ್ ಒಲೆಯ ಮುಂದೆ, ಫ್ಯಾನು ಹಾಕಿಕೊಂಡು, ನಲವತ್ತೆರಡರ ಗಂಡಸು ನಾನು. ಮಣಿಕಟ್ಟು ಎರಡು ದಿನ ನೋಯಿತು.

ನಮ್ಮ ಊರ ಮನೆಯಲ್ಲಿ ನೆಂಟರು ಬಂದ ದಿನ ಶಾವಿಗೆ ಒತ್ತುವುದೆಂದರೆ ಗಂಡಸರ ಕೆಲಸ ಅಂತಲೇ ಹೆಸರು. ಒರಳನ್ನು ಜಗಲಿಗೆ ತಂದಿಡುತ್ತಿದ್ದರು. ಅಪ್ಪ, ಚಿಕ್ಕಪ್ಪ, ಭಾವ ಸರದಿಯಲ್ಲಿ ಹಿಡಿ ತಿರುಗಿಸುತ್ತಿದ್ದರು. "ಇವತ್ತು ಶಾವಿಗೆ ನಾವೇ ಮಾಡಿದ್ದು" ಅಂತ ಎಲೆಯ ಮುಂದೆ ಹೇಳುತ್ತಿದ್ದರು, ನಾನೂ ಹೇಳಿದ್ದೇನೆ. ಒಳಗೆ ಸೌದೆ ಒಲೆಯ ಮುಂದೆ ಅವ್ವ, ಚಿಕ್ಕವ್ವ ಎರಡು ಮೂರು ಸೇರು ಅಕ್ಕಿಯ ಹಿಟ್ಟನ್ನು ತೊಳಸಿ, ಬೇಯಿಸಿ, ಒಂದೊಂದೇ ಉಂಡೆ ಬಿಸಿಯಾಗಿ ಜಗಲಿಗೆ ಕಳಿಸುತ್ತಿದ್ದರು. ಹಿಡಿ ಹಗುರವಾಗಿ ತಿರುಗುತ್ತಿದ್ದದ್ದು ಅವರ ತೋಳಿನಿಂದ. ಜಗಲಿಯ ಮೇಲೆ ಕೂತವರಿಗೆ ಅದು ತಮ್ಮ ತೋಳಿನ ಶಕ್ತಿ ಅನ್ನಿಸುತ್ತಿತ್ತು. ಈ ಮಾತನ್ನು ಅವ್ವನ ಹತ್ತಿರ ಹೇಳಿದೆ. "ಈಗ್ ಗೊತ್ತಾಯ್ತಲ್ಲ" ಅಂದಳು, ಇನ್ನೇನೂ ಹೇಳಲಿಲ್ಲ.

ಮಾಡಿದ ಬದಲಾವಣೆಗಳು ಹೀಗಿವೆ. ಮನೆಯಲ್ಲಿದ್ದ ಮುದ್ದೆ ಕೋಲು ಒಂದೂವರೆ ಅಡಿ, ಬಾಣಲೆಗೆ ಬಗ್ಗಿ ನಿಲ್ಲಬೇಕಿತ್ತು. ಹಲಸಿನ ಮರದ ತುಂಡೊಂದು ಇತ್ತು, ಅದನ್ನು ಎರಡು ಅಡಿ ಮೂರು ಇಂಚಿಗೆ ಕೆತ್ತಿ, ತುದಿಯನ್ನು ಮೂರು ಬೆರಳಗಲ ಚಪ್ಪಟೆ ಮಾಡಿದೆ. ಉಪ್ಪುಕಾಗದ ಹಾಕಿ ನುಣುಪು ಮಾಡಿ ಕೊಬ್ಬರಿ ಎಣ್ಣೆ ಕುಡಿಸಿದೆ. ಬಾಣಲೆ ಜಾರದಂತೆ ಮುದ್ದೆಗೆ ಹಾಕುವ ಕವೆಗೋಲನ್ನೇ ಬಳಸಲು ನೋಡಿದೆ. ನೆಲದ ಒಲೆಗೆ ಅದು ಸರಿ, ಗ್ಯಾಸ್ ಕಟ್ಟೆಯ ಮೇಲೆ ಕಾಲಿನಿಂದ ಒತ್ತಿ ಹಿಡಿಯಲು ಆಗುವುದಿಲ್ಲ. ಈಗ ಹಿಟ್ಟು ಗಡ್ಡೆಯಾಗುತ್ತಾ ಬಂದಾಗ ಬಾಣಲೆಯನ್ನು ನೆಲಕ್ಕೆ ಇಳಿಸಿ, ಒದ್ದೆ ಗೋಣಿಯ ಮೇಲಿಟ್ಟು, ಕವೆಗೋಲಿನಲ್ಲಿ ಹಿಡಿದು ಗಟ್ಟಿಯಾಗಿ ತೊಳಸಿ ಮತ್ತೆ ಒಲೆಗೆ ಏರಿಸುತ್ತೇನೆ. ಒಂದು ಸಲಕ್ಕೆ ಅರ್ಧ ಕಿಲೋ ಅಕ್ಕಿಗಿಂತ ಹೆಚ್ಚು ತೊಳಸುವುದಿಲ್ಲ. ಎರಡು ಸಲ ಮಾಡಿದರೂ ಪರವಾಗಿಲ್ಲ.

ಹಿಡಿ ತಿರುಗಿಸುವುದು ಈಗ ಮಗಳ ಕೆಲಸ. ಹನ್ನೊಂದು ವರ್ಷದವಳ ಕೈಗೆ ತಿರುಗುತ್ತದೆ ಅಂದರೆ ಹಿಟ್ಟಿನ ಹದ ಸರಿ ಇದೆ ಅಂತ ಅರ್ಥ. ಅವಳು "ಗಟ್ಟಿ ಆಯ್ತು ಅಪ್ಪ" ಅಂದರೆ ಒಳಗಿದ್ದ ಹಿಟ್ಟನ್ನು ತೆಗೆದು ಮತ್ತೆ ಹಬೆಗೆ ಹಾಕುತ್ತೇವೆ. ಐದಾರು ನಿಮಿಷಕ್ಕೆ ಮತ್ತೆ ಮೆತ್ತಗಾಗುತ್ತದೆ.

ಹಂತ 8: ಕಾಯಿಹಾಲು

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. ಒಂದು ತೆಂಗಿನಕಾಯಿ, ನೆನೆಸಿದ ಎರಡು ಚಮಚ ಗಸಗಸೆ, ಏಲಕ್ಕಿ ರುಬ್ಬಿ ಹಾಲು ಹಿಂಡುವುದು. ಬೆಲ್ಲ ಕರಗಿಸಿದ ಪಾಕವನ್ನು ಬಿಸಿ ಇರುವಾಗಲೇ ಕಾಯಿಹಾಲಿಗೆ ಸುರಿದೆ, ಒಡೆದು ತರಿತರಿಯಾಯಿತು. ಪಾಕ ಪೂರ್ತಿ ಆರಿದ ಮೇಲೆ ಸೇರಿಸಬೇಕು. ಶಾವಿಗೆಗೆ ಬಿಸಿ ಬೇಕು, ಕಾಯಿಹಾಲಿನ ಬೆಲ್ಲಕ್ಕೆ ಬಿಸಿ ಆಗದು. ಎರಡೂ ಒಂದೇ ಎಲೆಗೆ ಬರುವುದರಿಂದ ಕಾಯಿಹಾಲನ್ನು ಹಿಟ್ಟು ತೊಳಸುವ ಮೊದಲೇ ಮಾಡಿಟ್ಟುಬಿಡಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಅವಸರ ಬಿದ್ದು ಎರಡೂ ಕೆಡುತ್ತವೆ. ಕೋಳಿ ಸಾರಿನ ಜೊತೆ ತಿನ್ನುವವರಿಗೆ ಈ ತಾಪತ್ರಯ ಇಲ್ಲ.

ಖರ್ಚು

ಬುಷ್ ₹850
ಒತ್ತುಬಿಲ್ಲೆ ₹700
ಕಾಲಿನ ಬೆಸುಗೆ ₹200
ತೂತಿನ ಬಿಲ್ಲೆ ₹250
ಉಪ್ಪುಕಾಗದ, ಬ್ರಷ್ಷು, ಡೀಸೆಲ್, ಹುಣಸೆಹಣ್ಣು ₹150

ಹೊಸ ಒರಳಿಗೆ ನಾನು ವಿಚಾರಿಸಿದ ಅಂಗಡಿಯಲ್ಲಿ ₹3,200 ಹೇಳಿದರು. ಈಗ ಗೊತ್ತಿರುವುದು ಆಗಲೇ ಗೊತ್ತಿದ್ದರೆ ₹1,000ದಲ್ಲಿ ಮುಗಿಯುತ್ತಿತ್ತು.

ನಿರ್ವಹಣೆ

ಒತ್ತಿ ಮುಗಿದ ತಕ್ಷಣ, ಊಟಕ್ಕೆ ಕೂರುವ ಮೊದಲೇ, ಬಿಲ್ಲೆ ಬಿಚ್ಚಿ ನೀರಿಗೆ ಹಾಕಿ. ಹಿಟ್ಟು ಒಣಗಿದರೆ ಮತ್ತೆ ಗರಿಕಡ್ಡಿ ಹಿಡಿದು ಕೂರಬೇಕಾಗುತ್ತದೆ. ಕೊಳವೆ ತೊಳೆದು ಒರೆಸಿ, ಒಲೆಯ ಪಕ್ಕ ಒಣಗಿಸಿ. ತಿರುಪಿಗೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಕಡೆಯ ಚಳಿಗಾಲದ ಬೆಳಿಗ್ಗೆ ತಿರುಪು ಬಿಗಿಯಾಗಿ ಕಂಡರೆ ಅದೇ ಕಾರಣ. ಒರಳಿಗೆ ಕುದಿನೀರು ಸುರಿದಾಗ ಬಿಟ್ಟುಕೊಳ್ಳುತ್ತದೆ. ಮುಂದಿನ ಸಲ ಬಳಸುವ ಮೊದಲು ಕೊಳವೆಯೊಳಗೆ ಹಸಿರು ಕಂಡರೆ ಹುಣಸೆಹಣ್ಣು, ಉಪ್ಪು. ಹಸಿರು ಇರುವ ಕೊಳವೆಗೆ ಹಿಟ್ಟು ಹಾಕಬೇಡಿ.

ಲೇಥ್ ಅಂಗಡಿಗೆ ಹೋಗುವವರಿಗೆ: ಕೊಳವೆಯ ಒಳ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಹಳೆಯ ಹಿತ್ತಾಳೆ ಒಂದೇ ಸಮನೆ ಸವೆದಿರುವುದಿಲ್ಲ. ನನ್ನ ಕೊಳವೆ ಬಾಯಿಯಲ್ಲಿ 72.3, ತಳದಲ್ಲಿ 71.8 ಇತ್ತು. ಬಾಯಿಯ ಅಳತೆಗೆ ಒತ್ತುಬಿಲ್ಲೆ ಮಾಡಿಸಿದ್ದರೆ ತಳದಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಬಾಕಿ ಇರುವುದು

ಬೆಸುಗೆ ಹಾಕಿದ ಕಾಲು ಉಳಿದೆರಡಕ್ಕಿಂತ ಮೂರು ಮಿಲಿಮೀಟರ್ ಗಿಡ್ಡವಾಗಿದೆ. ಸದ್ಯಕ್ಕೆ ಅದರ ಕೆಳಗೆ ರಬ್ಬರ್ ತುಂಡು ಇಟ್ಟಿದ್ದೇನೆ, ಒಂದು ಹಲಗೆಗೆ ಮೂರೂ ಕಾಲನ್ನು ಬೋಲ್ಟ್ ಹಾಕಿ ಕೂರಿಸಬೇಕು.

ರಾಗಿ ಶಾವಿಗೆ ಇನ್ನೂ ಬಂದಿಲ್ಲ. ರಾಗಿ ಹಿಟ್ಟಿಗೆ ಕಾಲು ಭಾಗ ಅಕ್ಕಿಹಿಟ್ಟು ಸೇರಿಸಿ ತೊಳಸಿದೆ. ಬಿಸಿಯಾಗಿಯೇ ಒತ್ತಿದೆ, ಒರಳನ್ನೂ ಕಾಯಿಸಿದ್ದೆ. ಹಿಡಿ ಹಗುರವಾಗಿ ಇಳಿಯುತ್ತದೆ, ಎಳೆ ಮಾತ್ರ ಗೇಣುದ್ದಕ್ಕೆ ತುಂಡಾಗುತ್ತದೆ. ಅವ್ವನನ್ನು ಕೇಳಿದೆ. ಹಿಟ್ಟು ಬೀಸಿಸಿದ್ದು ಎಷ್ಟು ದಿನದ ಹಿಂದೆ, ಜರಡಿ ಯಾವುದು, ನೀರು ಕುದಿ ಬಂದ ಮೇಲೆ ಹಾಕಿದ್ದಾ ಮೊದಲೇ ಹಾಕಿದ್ದಾ ಅಂತ ಅವಳು ಮೂರು ಪ್ರಶ್ನೆ ಕೇಳಿದಳು. ಮೊದಲೆರಡಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಭಾನುವಾರ ರಾಗಿಯನ್ನು ಹೊಸದಾಗಿ ಬೀಸಿಸಿ, ಮೈದಾ ಜರಡಿಯಲ್ಲಿ ಜರಡಿ ಹಿಡಿದು ಮತ್ತೆ ಮಾಡುತ್ತೇನೆ.